ಯಾವ ಕ್ಲಾಸಮ್ಮ ಮಗು?

ಅಂಗಡಿಯವರು ಹಾಗೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಶಾಲೆ ಶುರುವಾಗಿದ್ದ ಜೂನ್ ತಿಂಗಳು. ಕೆ.ಆರ್. ಪೇಟೆಯ ಆ ಚಪ್ಪಲಿ ಅಂಗಡಿಯ ತುಂಬ ಮಕ್ಕಳ ಕೈ ಹಿಡಿದುಕೊಂಡ ಅಪ್ಪ–ಅಮ್ಮಂದಿರು. ನಾನು ನಡುವೆ ನುಗ್ಗಿ, ‘ಅಣ್ಣಾ, ಮೇಲೆ ಒಂದು ಬೆಲ್ಟ್ ಬಂದು ಪಕ್ಕದಲ್ಲಿ ಬಕಲ್ ಹಾಕ್ತಾರಲ್ಲ, ಆ ಥರದ ಕರಿ ಶೂ ತೋರ್ಸಿ’ ಎಂದೆ. ಅವರು ಏಣಿಯ ಮೇಲಿದ್ದ ಹುಡುಗನಿಗೆ ಮಕ್ಕಳ ಶೂಗಳಿದ್ದ ಸಾಲಿನ ಕಡೆ ಕೈ ತೋರಿಸುತ್ತಲೇ, ‘ಯಾವ ಕ್ಲಾಸಮ್ಮ ಮಗು?’ ಎಂದರು.

‘ನನಗೇ ಅಣ್ಣಾ.’

ಏಣಿಯ ಮೇಲಿದ್ದ ಹುಡುಗ ಕಿಸಕ್ಕನೆ ನಕ್ಕ. ಮಗನ ಕಾಲಿಗೆ ಶೂ ತುರುಕುತ್ತಿದ್ದ ಆಂಟಿಯೊಬ್ಬರು ತಲೆಯೆತ್ತಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಬಿ.ಕಾಂ. ಮುಗಿಸಿ ಎರಡು ವರ್ಷವಾದ ನಾನು, ಐದನೇ ಕ್ಲಾಸಿನ ಹುಡುಗಿಯ ಪಕ್ಕ ಸ್ಟೂಲಿನ ಮೇಲೆ ಕೂತು, ಅವಳದ್ದೇ ಮಾದರಿಯ ಶೂ ಹಾಕಿ ನೋಡಿದೆ. ನನ್ನದು ನಾಲ್ಕನೇ ನಂಬರಿನ ಪಾದ. ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ಎದ್ದು ಎರಡು ಹೆಜ್ಜೆ ಹಾಕಿದೆ, ಒಂದು ಸಲ ಕುಪ್ಪಳಿಸಿಯೂ ನೋಡಿದೆ. ಕಾಲಿನಿಂದ ಜಾರಲಿಲ್ಲ. ಮುಂದಿನ ವಾರ ಮೈಸೂರಿನಲ್ಲಿ ಇಂಟರ್‌ವ್ಯೂ. ‘ಚಪ್ಪಲಿ ಹಾಕ್ಕೊಂಡು ಹೋಗ್ಬೇಡ, ಮುಂದೆ ಮುಚ್ಚಿರೋದು ಏನಾದ್ರೂ ಹಾಕು’ ಎಂದು ಚಿಕ್ಕಪ್ಪನ ಮಗಳು ಹೇಳಿದ್ದಳು. ಇದು ಮುಂದೆ ಮುಚ್ಚಿತ್ತು. ದುಡ್ಡು ಕೊಟ್ಟು ಬಂದೆ.

ಮನೆಯಲ್ಲಿ ಹಾಕಿ ತೋರಿಸಿದರೆ ಅವ್ವ ಮೊರದಲ್ಲಿದ್ದ ರಾಗಿಯನ್ನು ಪಕ್ಕಕ್ಕಿಟ್ಟು ನೋಡಿದಳು. ‘ಗಂಡು ಬಂದು ನೋಡೋ ವಯಸ್ಸಲ್ಲಿ ಇದೇನವ್ವ, ಇಸ್ಕೂಲ್ ಮಕ್ಳ ಜೋಡು? ಬಾ, ಎರಡು ಜಡೆ ಹಾಕಿ ರಿಬ್ಬನ್ ಕಟ್ತೀನಿ. ಅಂಗೇ ವ್ಯಾನ್ ಹತ್ತಿಬುಡು.’

ಇಂಗ್ಲಿಷಿನಲ್ಲಿ ಇದಕ್ಕೆ ‘ಮೇರಿ ಜೇನ್’ ಎನ್ನುತ್ತಾರೆ. ಬೆರಳು ಮುಚ್ಚಿರುತ್ತದೆ, ಪಾದದ ಮೇಲ್ಭಾಗ ತೆರೆದಿರುತ್ತದೆ, ಅಡ್ಡಕ್ಕೊಂದು ಪಟ್ಟಿ, ಪಕ್ಕದಲ್ಲಿ ಬಕಲ್ಲು. ಒಂದೆರಡು ವರ್ಷದಿಂದ ಮೊಬೈಲು ತೆರೆದರೆ ಸಾಕು, ದೊಡ್ಡ ಹುಡುಗಿಯರ ಕಾಲಲ್ಲಿ ಇದೇ. ಬೆಂಗಳೂರಿನ ಮಾಲ್‌ನಲ್ಲಿ ಫ್ಯಾಷನ್ ಆದದ್ದು ಕೆ.ಆರ್. ಪೇಟೆಯಲ್ಲಿ ಮಕ್ಕಳ ಸಾಲಿನಲ್ಲಿ ಕೂತಿದೆ. ‘ದೊಡ್ಡವರಾದ ಮೇಲೆ ಇದು ಒಪ್ಪುತ್ತದೆಯೇ’ ಎಂಬ ಪ್ರಶ್ನೆಗೆ ಮಾತ್ರ ಎರಡು ಕಡೆಯೂ ಉತ್ತರ ಗಟ್ಟಿಯಾಗಿಲ್ಲ. ಗೆಳತಿಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೊ ಹಾಕಿದೆ. ‘ಕ್ಯೂಟ್’ ಅಂತ ಮೂರು ಜನ, ‘ಇಂಟರ್‌ವ್ಯೂಗೆ ಬೇಡ ಕಣೆ, ಸೀರಿಯಸ್ ಆಗಿ ತಗೊಳಲ್ಲ’ ಅಂತ ಇಬ್ಬರು. ಕ್ಯೂಟ್ ಅಂದವರ ಮೇಲೇ ನನಗೆ ಹೆಚ್ಚು ಸಿಟ್ಟು ಬಂತು.

ನನಗೆ ನಗು ಬಂದ ಇನ್ನೊಂದು ಸಂಗತಿಯಿದೆ. ಎಲ್ಲರೂ ‘ಸ್ಕೂಲ್ ಶೂ’ ಅನ್ನುತ್ತಿದ್ದಾರಲ್ಲ, ನಾನು ಶಾಲೆಗೆ ಹೋಗುವಾಗ ಇದನ್ನು ಹಾಕಿಯೇ ಇಲ್ಲ. ನಮ್ಮೂರ ಸರ್ಕಾರಿ ಶಾಲೆಗೆ ಹವಾಯಿ ಚಪ್ಪಲಿ, ಅದೂ ಬಾರು ಕಿತ್ತರೆ ಬಟ್ಟೆಪಿನ್ನು ಹಾಕಿದ್ದು. ಸಿದ್ದರಾಮಯ್ಯನವರು ಮೊದಲ ಸಲ ಮುಖ್ಯಮಂತ್ರಿಯಾಗಿದ್ದಾಗ ‘ಶೂ ಭಾಗ್ಯ’ ಬಂತು. ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಸಾಕ್ಸು. ಅಷ್ಟು ಹೊತ್ತಿಗೆ ನಾನು ಹೈಸ್ಕೂಲಿನಲ್ಲಿದ್ದೆ, ನನಗೆ ಸಿಕ್ಕಿದ್ದು ಲೇಸು ಕಟ್ಟುವ ಶೂ. (2022–23ರಲ್ಲಿ ಸರ್ಕಾರ ಇದಕ್ಕೆ ಇಟ್ಟಿದ್ದ ದರ ಐದನೇ ತರಗತಿಯವರೆಗೆ 265 ರೂಪಾಯಿ, ಎಂಟರವರೆಗೆ 295, ಹತ್ತರವರೆಗೆ 325. ಆ ದುಡ್ಡಿಗೆ ಎಂಥ ಶೂ ಬರುತ್ತದೆಂದು ಮಂಡ್ಯ ಜಿಲ್ಲೆಯ ಯಾವ ಮೇಷ್ಟ್ರನ್ನು ಕೇಳಿದರೂ ಹೇಳುತ್ತಾರೆ.) ಬಕಲ್ ಶೂ ಇದ್ದದ್ದು ಕಾನ್ವೆಂಟ್ ವ್ಯಾನಿನ ಹುಡುಗಿಯರ ಕಾಲಲ್ಲಿ. ವ್ಯಾನು ನಮ್ಮೂರ ಅರಳಿಕಟ್ಟೆ ಮುಂದೆ ನಿಂತಾಗ ಮೆಟ್ಟಿಲ ಮೇಲೆ ಮೊದಲು ಕಾಣುತ್ತಿದ್ದದ್ದು ಬಿಳಿ ಸಾಕ್ಸು, ಅದರ ಮೇಲೆ ಹೊಳೆಯುವ ಕರಿ ಪಟ್ಟಿ. ಆ ಪಟ್ಟಿಯನ್ನು ನಾನು ಎಷ್ಟು ಆಸೆಯಿಂದ ನೋಡುತ್ತಿದ್ದೆ ಅಂದರೆ, ಒಂದು ದಿನ ಹವಾಯಿ ಚಪ್ಪಲಿಗೆ ಅಡ್ಡ ರಬ್ಬರ್ ಬ್ಯಾಂಡ್ ಹಾಕಿಕೊಂಡು ಹೋಗಿ ಪಿ.ಟಿ. ಮೇಡಂ ಹತ್ತಿರ ಬೈಸಿಕೊಂಡಿದ್ದೆ. ಚಿಕ್ಕವಳಿದ್ದಾಗ ನನ್ನದಾಗದೇ ಇದ್ದದ್ದು ಈಗ ನನ್ನ ದುಡ್ಡಲ್ಲಿ ನನ್ನದಾದಾಗ ‘ಇದು ಚಿಕ್ಕವರದ್ದು’ ಅಂದರೆ ಹೇಗೆ ಒಪ್ಪಲಿ?

ಸರಿ, ಇದು ಯಾವಾಗಿನಿಂದ ಹೆಣ್ಣುಮಕ್ಕಳದ್ದಾಯಿತು ಎಂದು ಹುಡುಕುತ್ತ ಹೋದೆ. ಇಂಟರ್‌ವ್ಯೂಗೆ ಓದುವುದು ಬಿಟ್ಟು ಅದನ್ನೇ ಓದಿದೆ ಅನ್ನಿ. ‘ಮೇರಿ ಜೇನ್’ ಅನ್ನುವವಳು ಅಮೆರಿಕದ ಒಂದು ಕಾಮಿಕ್ಸಿನ ಹುಡುಗಿ. ರಿಚರ್ಡ್ ಔಟ್‌ಕಾಲ್ಟ್ ಎಂಬ ವ್ಯಂಗ್ಯಚಿತ್ರಕಾರ 1902ರಲ್ಲಿ ‘ಬಸ್ಟರ್ ಬ್ರೌನ್’ ಎಂಬ ತುಂಟನ ಕಥೆಯನ್ನು ಪತ್ರಿಕೆಗೆ ಬರೆಯಲು ಶುರುಮಾಡಿದ. ಮೇರಿ ಜೇನ್ ಅವನ ಜೊತೆಗಾತಿ. 1904ರ ಸೇಂಟ್ ಲೂಯಿಸ್ ವಿಶ್ವ ಮೇಳದಲ್ಲಿ ಈ ಪಾತ್ರಗಳ ಹೆಸರನ್ನು ಬಳಸುವ ಹಕ್ಕನ್ನು ಔಟ್‌ಕಾಲ್ಟ್ ಮಾರಿದ. ಕೊಂಡವರಲ್ಲಿ ಬ್ರೌನ್ ಶೂ ಕಂಪನಿಯೂ ಇತ್ತು. ತಮಾಷೆ ಏನೆಂದರೆ ಕಾಮಿಕ್ಸಿನಲ್ಲಿ ಪಟ್ಟಿ ಶೂ ಹಾಕುತ್ತಿದ್ದದ್ದು ಮೇರಿ ಒಬ್ಬಳೇ ಅಲ್ಲ, ಗಂಡುಹುಡುಗ ಬಸ್ಟರ್ ಕೂಡ. ಆಗ ಚಿಕ್ಕ ಹುಡುಗರಿಗೂ ಅದೇ ಶೂ. ಆಮೇಲೆ ಹುಡುಗರ ಕಾಲಿನಿಂದ ಅದು ಮೆಲ್ಲಗೆ ಜಾರಿತು, ಹೆಸರು ಹುಡುಗಿಯದೇ ಉಳಿಯಿತು.

1920ರ ದಶಕದಲ್ಲಿ ಅಮೆರಿಕ, ಯುರೋಪಿನ ತರುಣಿಯರು ಇದೇ ಪಟ್ಟಿಯ ಶೂ ಹಾಕಿ ಕುಣಿದರು. ಲಂಗ ಮೊಣಕಾಲಿನವರೆಗೆ ಏರಿತ್ತು, ಚಾರ್ಲ್‌ಸ್ಟನ್ ಎಂಬ ಕುಣಿತದಲ್ಲಿ ಕಾಲು ಹಿಂದೆ–ಮುಂದೆ ಒದೆಯಬೇಕಿತ್ತು. ಪಟ್ಟಿ ಇಲ್ಲದ ಶೂ ಹಾಕಿ ಹಾಗೆ ಒದ್ದರೆ ಅದು ಎದುರಿನವರ ತಲೆಗೆ ಹೋಗಿ ಬೀಳುತ್ತದೆ. 60ರ ದಶಕದಲ್ಲಿ ಲಂಡನ್ನಿನ ಮೇರಿ ಕ್ವಾಂಟ್ ಮಿನಿಸ್ಕರ್ಟ್ ಕಾಲದಲ್ಲಿ ಮತ್ತೆ ಬಂತು. ಅಂದರೆ ದೊಡ್ಡ ಹೆಂಗಸರು ಇದನ್ನು ಹಾಕುವುದು ನಿನ್ನೆ ಮೊನ್ನೆ ರೀಲ್ಸ್‌ನಲ್ಲಿ ಹುಟ್ಟಿದ್ದಲ್ಲ, ನೂರು ವರ್ಷದ ಹಿಂದಿನದು.

ಅದಕ್ಕೂ ಹಿಂದೆ ಹೋದರೆ ನಮ್ಮ ಶ್ರೀರಂಗಪಟ್ಟಣವೇ ಸಿಗುತ್ತದೆ. ಡಿಗ್ರಿಯಲ್ಲಿದ್ದಾಗ ದರಿಯಾ ದೌಲತ್‌ಗೆ ಹೋಗಿದ್ದೆವು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ, ಪಲ್ಲಕ್ಕಿಯೊಳಗೆ ಕೂತ ಸೋತ ಕರ್ನಲ್ ಬೇಲಿಯನ್ನು ಗೈಡು ಬೆರಳು ಮಾಡಿ ತೋರಿಸುತ್ತಾರೆ. ಆ ಕಾಲದ ಇಂಗ್ಲಿಷ್ ದೊರೆಗಳ ಭಾವಚಿತ್ರಗಳು ಇಂಟರ್‌ನೆಟ್ಟಿನಲ್ಲಿ ಬೇಕಾದಷ್ಟಿವೆ, ತೆಗೆದು ಕಾಲು ನೋಡಿ. ಬಿಳಿ ಕಾಲುಚೀಲ, ಕರಿ ಶೂ, ಪಾದದ ಮೇಲೆ ಪಟ್ಟಿ, ನಡುವೆ ಫಳಫಳ ಬಕಲ್ಲು! ನಮ್ಮ ವ್ಯಾನಿನ ಹುಡುಗಿಯರದ್ದೇ ಯೂನಿಫಾರ್ಮು. ರಾಜ, ಮಂತ್ರಿ, ಸೇನಾಧಿಕಾರಿ ಎಲ್ಲರಿಗೂ ಬಕಲ್ ಅಂದರೆ ಅಂತಸ್ತು. ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಬರೆಸಿಕೊಂಡ ಹೊತ್ತಿಗೆ, ಅತ್ತ ಇಂಗ್ಲೆಂಡಿನಲ್ಲಿ ಬಕಲ್ ಹೋಗಿ ಲೇಸಿನ ಫ್ಯಾಷನ್ ಬರುತ್ತಿತ್ತು. ಕೆಲಸ ಹೋಯಿತೆಂದು ಬರ್ಮಿಂಗ್‌ಹ್ಯಾಂ ಕಡೆಯ ಬಕಲ್ ತಯಾರಕರು ರಾಜಕುಮಾರನ ಬಳಿ ಮನವಿ ಹಿಡಿದುಕೊಂಡು ಹೋಗಿದ್ದರಂತೆ. ಗಂಡಸರು ಬಿಟ್ಟ ಬಕಲ್ಲು ಮಕ್ಕಳ ಕಾಲಿಗೆ ಬಂತು. ಈಗ ನಾನು ಹಾಕಿದರೆ ಬಾಲಿಶ.

ಇದನ್ನೆಲ್ಲ ಅವ್ವನಿಗೆ ಹೇಳಿದೆ. ‘ದೊರೆ ಹಾಕ್ಲಿ, ದೊರೆಸಾನಿ ಹಾಕ್ಲಿ. ನೀನು ನಾಗಮಂಗಲಕ್ಕೆ ಅಕ್ಕನ ಮನೆಗೆ ಇದನ್ನ ಹಾಕ್ಕೊಂಡು ಹೋಗ್ಬೇಡ’ ಎಂದಳು.

ಹೋದೆ. ಅಕ್ಕನಿಗೆ ಶೂ ಇಷ್ಟವಾಯಿತು. ಅತ್ತೆ ಹಿತ್ತಲಲ್ಲಿದ್ದಾಗ ಹಾಕಿ ನೋಡಿದಳು, ತಕ್ಷಣ ಮುಖ ಕಿವುಚಿದಳು. ಕಾಲುಂಗುರ ಒತ್ತುತ್ತಿತ್ತು. ಬೆಳ್ಳಿಯ ಮೂರು ಸುತ್ತಿನ ಕಾಲುಂಗುರಕ್ಕೆ ಮುಚ್ಚಿದ ಶೂವಿನೊಳಗೆ ಜಾಗವೆಲ್ಲಿ? ಬಕಲ್ಲಿಗೆ ಕಾಲುಚೈನು ಬೇರೆ ಸಿಕ್ಕಿಕೊಂಡಿತು. ಬಿಡಿಸುತ್ತಿದ್ದಾಗ ಅತ್ತೆ ಬಂದರು. ಅವರು ಒಳ್ಳೆಯವರೇ, ಬೈಯಲಿಲ್ಲ. ‘ಕಾಲುಂಗ್ರ ಕಾಣ್ದಂಗೆ ಆಯ್ತದಲ್ಲವ್ವ’ ಎಂದಷ್ಟೇ ಅಂದು ಒಳಗೆ ಹೋದರು.

ನನಗೆ ವಿಷಯ ಅರ್ಥವಾದದ್ದು ಅಲ್ಲಿ. ನಮ್ಮ ಕಡೆ ಹೆಣ್ಣು ದೊಡ್ಡವಳಾಗಿದ್ದಾಳೆ, ಒಬ್ಬರ ಮನೆ ಸೇರಿದ್ದಾಳೆ ಅನ್ನುವುದನ್ನು ಓದುವುದೇ ಕಾಲಿನಲ್ಲಿ. ಕಾಲುಂಗುರ, ಕಾಲುಚೈನು, ಹಬ್ಬದಲ್ಲಿ ಅರಿಸಿನ. ಬೆರಳು ಮುಚ್ಚುವ ಶೂ ಆ ಬರಹವನ್ನೇ ಮುಚ್ಚಿಬಿಡುತ್ತದೆ. ಬೆರಳಲ್ಲಿ ಏನೂ ಇಲ್ಲದ ಕಾಲು ಅಂದರೆ ಒಂದೋ ಮಗುವಿನದು, ಇಲ್ಲವೇ ಇನ್ನೂ ಮದುವೆಯಾಗದ ನನ್ನಂಥವಳದು. ಅವ್ವನ ಕಣ್ಣಿಗೆ ಎರಡೂ ಒಂದೇ. ಹಾಗಾಗಿ ಶೂವಿನ ಮೇಲೆ ಪಟ್ಟಿ ಇರುವುದು ಅವಳಿಗೆ ತೊಂದರೆಯಲ್ಲ. ಮನೆಯಲ್ಲಿ ಅವಳೇ ಹಿಂದೆ ಪಟ್ಟಿಯಿರುವ ಬೆಲ್ಟ್ ಚಪ್ಪಲಿ ಹಾಕುತ್ತಾಳೆ. ಅದರಲ್ಲಿ ಬೆರಳು ಕಾಣುತ್ತದೆ, ಅಷ್ಟೇ ವ್ಯತ್ಯಾಸ.

ಅಜ್ಜಿಯದ್ದು ಇನ್ನೂ ಹಿಂದಿನ ಕಥೆ. ಅವಳು ಅರವತ್ತು ದಾಟುವವರೆಗೂ ಮೆಟ್ಟು ಮೆಟ್ಟಿದವಳಲ್ಲ. ಗದ್ದೆ ಬದುವಿನಲ್ಲಿ, ಕಬ್ಬಿನ ಕೂಳೆ ಚುಚ್ಚುವ ಹೊಲದಲ್ಲಿ, ಬೇಸಿಗೆಯ ಟಾರಿನಲ್ಲಿ ಬರಿಗಾಲು. ಚಪ್ಪಲಿ ಕೊಂಡುಕೊಳ್ಳಲಾಗದಷ್ಟು ಬಡತನವೇನೂ ಇರಲಿಲ್ಲ, ತಾತನಿಗೆ ಇತ್ತು. ‘ಹಿರೀಕರು ಜಗುಲಿ ಮೇಲೆ ಕೂತಿರೋವಾಗ ಎಂಗಸು ಚಪ್ಲಿ ಸದ್ದು ಮಾಡ್ಕಂಡು ಹೋಯ್ತಾರಾ?’ ಎನ್ನುತ್ತಾಳೆ. ಜಾತಿಯ ಕಾರಣಕ್ಕೆ ಕೆಲವರು ಬೀದಿಯಲ್ಲಿ ಜೋಡನ್ನು ಕೈಯಲ್ಲಿ ಹಿಡಿದು ನಡೆಯಬೇಕಿದ್ದ ಊರುಗಳಿವು. ಯಾರ ಕಾಲಲ್ಲಿ ಏನಿರಬೇಕು ಅನ್ನುವುದನ್ನು ಇಲ್ಲಿ ಯಾವತ್ತೂ ಕಾಲಿನವರು ತೀರ್ಮಾನಿಸಿಲ್ಲ.

ಬಸ್ಸಿನ ವಿಷಯಕ್ಕೆ ಬರುತ್ತೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಪಾಂಡವಪುರದಲ್ಲೋ ಶ್ರೀರಂಗಪಟ್ಟಣದಲ್ಲೋ ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿದವರಿಗೆ ನಾನು ವಿವರಿಸಬೇಕಿಲ್ಲ. ಬಸ್ಸು ಸ್ಟಾಪಿನಿಂದ ನಾಲ್ಕು ಮಾರು ಮುಂದೆ ಹೋಗಿ ನಿಲ್ಲುತ್ತದೆ. ಕಾಲೇಜಿನವರು, ಗಾರ್ಮೆಂಟ್ಸಿನವರು, ಮೈಸೂರಿನ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವವರು ಎಲ್ಲರೂ ಓಡಬೇಕು. ಚಪ್ಪಲಿ ಒಂದು ಫುಟ್‌ಬೋರ್ಡಿನ ಕೆಳಗೆ ಬಿದ್ದು, ಇನ್ನೊಂದರ ಜೊತೆ ಮೈಸೂರು ಸೇರಿದವಳನ್ನು ನಾನು ಬಲ್ಲೆ. ಬೆಲ್ಲಿ ಶೂ ಅಂತ ಸಿಗುತ್ತದಲ್ಲ, ಪಟ್ಟಿ ಇಲ್ಲದ ಚಪ್ಪಟೆಯದು, ಅದನ್ನು ಹಾಕಿ ಓಡುವಾಗ ಬೆರಳನ್ನು ಮಡಚಿ ಶೂವನ್ನು ಹಿಡಿದುಕೊಂಡೇ ಓಡಬೇಕು. ಪಟ್ಟಿ ಇದ್ದರೆ ಆ ಕೆಲಸ ಪಟ್ಟಿಯದು. ಮಕ್ಕಳ ಶೂಗೆ ಪಟ್ಟಿ ಹಾಕಿದ್ದು ಅವರು ಓಡುತ್ತಾರೆಂದೇ. ದೊಡ್ಡವಳಾದ ಹೆಣ್ಣು ಓಡುವುದಿಲ್ಲ ಎಂದು ಅಂದುಕೊಂಡವರು ಈ ರೂಟಿನಲ್ಲಿ ಒಂದು ವಾರ ಓಡಾಡಲಿ.

ಇಂಟರ್‌ವ್ಯೂ ಅಂದರೆ ಹೀಲ್ಸ್ ಬೇಕು ಅನ್ನುವವರಿಗೂ ಎರಡು ಮಾತು. ಲಂಡನ್ನಿನಲ್ಲಿ ನಿಕೋಲಾ ಥಾರ್ಪ್ ಎಂಬಾಕೆ ರಿಸೆಪ್ಷನಿಸ್ಟ್ ಕೆಲಸಕ್ಕೆ ಚಪ್ಪಟೆ ಶೂ ಹಾಕಿಕೊಂಡು ಹೋದಳೆಂದು ಮೊದಲ ದಿನವೇ ಮನೆಗೆ ಕಳಿಸಿದ್ದರು. 2016ರಲ್ಲಿ ಆಕೆಯ ಮನವಿಗೆ ಒಂದೂವರೆ ಲಕ್ಷದಷ್ಟು ಜನ ಸಹಿ ಹಾಕಿದರು, ವಿಷಯ ಪಾರ್ಲಿಮೆಂಟಿಗೆ ಹೋಯಿತು. ಜಪಾನಿನಲ್ಲಿ 2019ರಲ್ಲಿ ಯುಮಿ ಇಶಿಕಾವಾ ಎಂಬಾಕೆ ಇದೇ ಜಗಳ ತೆಗೆದಳು. ಜಪಾನಿ ಭಾಷೆಯಲ್ಲಿ ‘ಕುತ್ಸು’ ಅಂದರೆ ಶೂ, ‘ಕುತ್ಸೂ’ ಅಂದರೆ ನೋವು. ಎರಡನ್ನೂ ‘ಮೀ ಟೂ’ ಜೊತೆ ಸೇರಿಸಿ ಚಳವಳಿಗೆ ‘ಕುಟೂ’ ಎಂದು ಹೆಸರಾಯಿತು. ಮರುವರ್ಷ ಜಪಾನ್ ಏರ್‌ಲೈನ್ಸ್ ತನ್ನ ಗಗನಸಖಿಯರಿಗೆ ಹೀಲ್ಸ್ ಕಡ್ಡಾಯವೇನಿಲ್ಲ ಎಂದಿತು. ಎತ್ತರದ ಹಿಮ್ಮಡಿ ಇದ್ದರೆ ದೊಡ್ಡವಳು, ಚಪ್ಪಟೆ ಇದ್ದರೆ ಚಿಕ್ಕವಳು ಎಂಬ ಲೆಕ್ಕ ನಮ್ಮೂರಿನದು ಮಾತ್ರ ಅಲ್ಲ ಅಂತಾಯಿತು.

ನನ್ನ ಶೂವನ್ನು ಹೊಗಳುತ್ತಲೇ ಕೂರುವುದಿಲ್ಲ. ಇದು ಒಗ್ಗದ ಕಡೆಗಳೂ ಇವೆ. ಮೇಲುಕೋಟೆಗೆ ಹಾಕಿಕೊಂಡು ಹೋಗಿ ಪಟ್ಟಪಾಡು ಪಟ್ಟೆ. ಚೆಲುವನಾರಾಯಣನ ಗುಡಿಯ ಮುಂದೆ ಎಲ್ಲರೂ ಚಪ್ಪಲಿ ಒದರಿ ಒಳಗೆ ಹೋದರು, ನಾನು ಕಲ್ಯಾಣಿಯ ಕಡೆ ಮುಖ ಮಾಡಿ ಕೂತು ಬಕಲ್ ಬಿಚ್ಚುತ್ತಿದ್ದೆ. ಬೆಟ್ಟದ ಮೇಲಿನ ನರಸಿಂಹನ ಹತ್ತಿರ ಮತ್ತೆ ಅದೇ ಕಥೆ. ಹೊಸಿಲ ಆಚೆ ಚಪ್ಪಲಿ ಬಿಡುವ ನಮ್ಮ ನೆಂಟರ ಮನೆಗಳಿಗೆ ಇದು ಆಗಿಬರುವುದಿಲ್ಲ. ಈಗ ಬಕಲ್ಲಿನ ಹಿಂದೆ ಎಲಾಸ್ಟಿಕ್ ಕೊಟ್ಟದ್ದು ಬರುತ್ತದೆ, ಬಿಚ್ಚದೆ ಎಳೆದು ತೆಗೆಯಬಹುದು. ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದುವುದರಿಂದ ಕೊಳ್ಳುವುದಿದ್ದರೆ ಸಂಜೆ ಕೊಳ್ಳಿ, ಬೆಲ್ಟಿನಲ್ಲಿ ತೂತು ಎಷ್ಟಿವೆ ಎಣಿಸಿ. ಬರಿಗಾಲಲ್ಲಿ ಬೆಳೆದವರಿಗೆ ಪಾದದ ಮುಂಭಾಗ ಅಗಲ ಇರುತ್ತದೆ, ಚೂಪು ಮೂತಿಯದಕ್ಕಿಂತ ಮೂತಿ ದುಂಡಗಿರುವುದೇ ಮೇಲು. ಇನ್ನು ಗುಲಾಬಿ ಬೋ, ಮಿಂಚು, ಕಾರ್ಟೂನ್ ಮುಖ ಇರುವುದನ್ನು ದೊಡ್ಡವರು ಹಾಕಿದರೆ ನಾನೂ ಅವ್ವನ ಪಕ್ಷ.

ಪರೀಕ್ಷೆಗಂತೂ ಬೇಡವೇ ಬೇಡ. ನೀಟ್‌ನಂಥ ಪರೀಕ್ಷೆಗಳಲ್ಲಿ ಶೂ ನಿಷೇಧ, ತೆಳ್ಳನೆಯ ಚಪ್ಪಲಿ, ಸ್ಯಾಂಡಲ್ ಆಗಬಹುದು. ನಾನು ಬರೆಯಲು ಹೋದ ಒಂದು ಸ್ಪರ್ಧಾತ್ಮಕ ಪರೀಕ್ಷೆಯ ಗೇಟಿನಲ್ಲಿ ಇದು ಶೂವೋ ಸ್ಯಾಂಡಲ್ಲೋ ಎಂದು ಇಬ್ಬರು ಸಿಬ್ಬಂದಿ ನಡುವೆ ಚರ್ಚೆಯೇ ಆಯಿತು. ‘ಮೇಲೆ ತೆರೆದಿದೆ, ಸ್ಯಾಂಡಲ್’ ಎಂದರು ಒಬ್ಬರು. ‘ಬೆರಳು ಕಾಣಲ್ಲ, ಶೂ’ ಎಂದರು ಇನ್ನೊಬ್ಬರು. ನಾಗಮಂಗಲದ ಅತ್ತೆಯ ತೀರ್ಪೇ ಗೆದ್ದಿತು. ಎರಡು ಪೇಪರನ್ನೂ ಬರಿಗಾಲಲ್ಲಿ ಬರೆದೆ.

ಓದುತ್ತ ಓದುತ್ತ ಇನ್ನೊಂದು ಸಿಕ್ಕಿತು. 1992ರಲ್ಲಿ ನಮ್ಮ ಕರಾವಳಿಯ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಇಬ್ಬರು ವೈದ್ಯರು 2,300 ಮಕ್ಕಳ ಪಾದ ಪರೀಕ್ಷಿಸಿ ಒಂದು ಅಧ್ಯಯನ ಪ್ರಕಟಿಸಿದರು. ಚಪ್ಪಲಿ–ಶೂ ಹಾಕುವ ಮಕ್ಕಳಲ್ಲಿ 8.6 ಶೇಕಡ, ಬರಿಗಾಲಿನ ಮಕ್ಕಳಲ್ಲಿ 2.8 ಶೇಕಡ ಮಂದಿಗೆ ಚಪ್ಪಟೆ ಪಾದ. ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಇನ್ನೂ ಹೆಚ್ಚು. ಪಾದದ ಕಮಾನು ಬೆಳೆಯುವ ಚಿಕ್ಕ ವಯಸ್ಸಿನಲ್ಲಿ ಮುಚ್ಚಿದ ಶೂ ಅಷ್ಟು ಒಳ್ಳೆಯದಲ್ಲ ಎಂಬುದು ಅವರ ಮಾತು. ಹಾಗೆ ನೋಡಿದರೆ ಈ ಶೂ ಬೇಡದ್ದು ಮಕ್ಕಳಿಗೇ. ನನ್ನ ಪಾದ ಬೆಳೆದು ನಿಂತು ಎಷ್ಟೋ ವರ್ಷವಾಯಿತು.

ಇಂಟರ್‌ವ್ಯೂ ದಿನ ಚೂಡಿದಾರದ ಕೆಳಗೆ ಅದನ್ನೇ ಹಾಕಿಕೊಂಡು ಹೋದೆ. ಮೂವರು ಕೂತಿದ್ದರು. ಒಬ್ಬರು ನಾನು ಒಳಗೆ ಬರುವಾಗ ಕಾಲು ನೋಡಿದರು, ಅಥವಾ ನೋಡಿದರೆಂದು ನನಗೆ ಅನ್ನಿಸಿತು. ಕೇಳಿದ್ದು ಜಿ.ಎಸ್.ಟಿ. ರಿಟರ್ನ್ ಬಗ್ಗೆ, ಟ್ಯಾಲಿ ಬಗ್ಗೆ. ಟ್ಯಾಲಿಯಲ್ಲಿ ಒಂದು ಕಡೆ ತಡವರಿಸಿದೆ. ಫಲಿತಾಂಶ ಇನ್ನೂ ಬಂದಿಲ್ಲ. ಬರದಿದ್ದರೆ ಅದು ಟ್ಯಾಲಿಯಿಂದ.

ಹೊರಗೆ ಬೆಂಚಿನ ಮೇಲೆ ಇನ್ನೊಬ್ಬಳು ಕೂತಿದ್ದಳು. ಯಾರದೋ ಹೀಲ್ಸ್ ಕಡ ತಂದು ಹಾಕಿದ್ದಳು, ಹಿಮ್ಮಡಿ ಸುಲಿದು ರಕ್ತ ಬಂದಿತ್ತು. ಬ್ಯಾಂಡೇಜಿನ ಪಟ್ಟಿ ಹಾಕಿ, ಅದರ ಮೇಲೆ ಕರ್ಚೀಫು ಮಡಿಸಿ ಇಟ್ಟಿದ್ದಳು. ಅವಳ ಹೆಸರು ಕೂಗಿದಾಗ ಮುಖ ನೆಟ್ಟಗೆ ಮಾಡಿಕೊಂಡು ಟಕ್ ಟಕ್ ಎಂದು ನಡೆದು ಒಳಗೆ ಹೋದಳು. ವಾಪಸ್ ಬರುವಾಗ ಒಂದೇ ಬಸ್ಸು ಸಿಕ್ಕಿತು, ಅವಳು ಪಾಂಡವಪುರದವಳು. ಸೀಟಿಗೆ ಕೂತವಳೇ ಬ್ಯಾಗಿನಿಂದ ಹವಾಯಿ ಚಪ್ಪಲಿ ತೆಗೆದು ಹಾಕಿಕೊಂಡು ‘ಅಮ್ಮಾ’ ಎಂದಳು. ಶ್ರೀರಂಗಪಟ್ಟಣ ದಾಟುವವರೆಗೂ ಇಂಟರ್‌ವ್ಯೂ ಪ್ರಶ್ನೆಗಳನ್ನೇ ಮಾತಾಡಿದೆವು. ಆಮೇಲೆ ಅವಳು ನನ್ನ ಕಾಲು ನೋಡಿದಳು.

‘ಎಲ್ಲಿ ತಗೊಂಡ್ರಿ ಇದನ್ನ?’

‘ಕೆ.ಆರ್. ಪೇಟೇಲಿ. ನಿಮ್ಮೂರಲ್ಲೂ ಸಿಗುತ್ತೆ, ಮಕ್ಕಳ ಸಾಲಲ್ಲಿ ಕೇಳಿ. ನಿಮ್ದು ಎಷ್ಟನೇ ನಂಬರು?’

‘ಐದು. ಯಾವ ಕ್ಲಾಸು ಅಂತ ಕೇಳಲ್ವಾ?’

‘ಕೇಳ್ತಾರೆ. ಬಿ.ಕಾಂ. ಅನ್ನಿ.’